ಲಾಯದ ಚಿಲಕ

ಅಪ್ಪಾ,

ಇವತ್ತು ಸಾಮರ್ಸೆಟ್‌ಗೆ ಬಂದು, ನೀನು ದುಡಿದ ಕುದುರೆ ಲಾಯಕ್ಕೆ ಹೋಗಿದ್ದೆ. ಅದನ್ನೂ ಪಕ್ಕದಲ್ಲಿ ಪಾರಿವಾಳ ಸಾಕುತ್ತಿದ್ದ ಗೋಪುರವನ್ನೂ ಈಗ ಜನರಿಗೆ ತೋರಿಸುತ್ತಾರೆ. ಯಾರಾದರೂ ಗುರುತು ಹಿಡಿದಾರೆಂದು ನೋಡಲು ಬಂದವರ ಗುಂಪಿನ ಹಿಂದೆಯೇ ನಿಂತಿದ್ದೆ.

ಸ್ಥಳ ತೋರಿಸುವ ಟ್ಯಾಪ್‌ಸ್ಕಾಟ್ ಎಂಬ ಮುದುಕಿ ಒಂದು ಬಾಗಿಲ ಮುಂದೆ ನಿಂತಳು. "ಇಲ್ಲಿ ಪೆಂಬರ್ ಅಂತ ಒಬ್ಬ ಕುದುರೆ ನೋಡ್ಕೊಳ್ತಿದ್ದ. ಒಂದಿನ ಚಿಲಕ ಹಾಕೋದು ಮರೆತ. ಕುದುರೆ ರಸ್ತೆಗೆ ಓಡಿ ಲಾರಿಗೆ ಸಿಕ್ಕಿ ಸತ್ತೋಯ್ತು. ಅವತ್ತೇ ಅವನ ಕೆಲಸಾನೂ ಹೋಯ್ತು. ಕುಡಿದಿದ್ನೋ ಏನೋ."

ಜನ ನಕ್ಕರು.

"ನಮ್ಮಪ್ಪ ಕುಡೀತಿರ್ಲಿಲ್ಲ," ಅಂದೆ.

ಅವಳ ಮುಖ ಸಣ್ಣದಾಯಿತು. "ತಪ್ಪಾಯ್ತಮ್ಮ. ಮರೆವು ಯಾರನ್ನ ಬಿಟ್ಟಿದೆ ಹೇಳಿ."

"ಅವರು ಮರೀಲಿಲ್ಲ. ಗೋಪುರದಲ್ಲಿ ಪಾರಿವಾಳದ ಮರಿ ನೋಡೋ ಆತುರಕ್ಕೆ ಚಿಲಕ ಹಾಕದೆ ಓಡಿದ್ದು ನಾನು. ಆಗ ನನಗೆ ಒಂಬತ್ತು ವರ್ಷ."

ಜನ ಮುಂದಕ್ಕೆ ಹೋದ ಮೇಲೆ ಅವಳು ಮೆಲ್ಲಗೆ ಕೇಳಿದಳು: "ಅವರಿಗೆ ಗೊತ್ತಿತ್ತಾ?"

ಕುದುರೆ ಸತ್ತ ಮೇಲೆ ಇಪ್ಪತ್ತೆರಡು ವರ್ಷ ನೀನು ಬದುಕಿದ್ದೆ, ನಾನು ಕೇಳಲೇ ಇಲ್ಲ. ಅವತ್ತು ಯಜಮಾನರ ಮುಂದೆ ಹೋಗುವ ಮೊದಲು, ನನ್ನ ಕೂದಲಿಗೆ ಸಿಕ್ಕಿಕೊಂಡಿದ್ದ ಬಿಳಿ ಪುಕ್ಕವೊಂದನ್ನು ಬಿಡಿಸಿ ನೀನು ಜೇಬಿಗೆ ಹಾಕಿಕೊಂಡೆ.