ಏಳಕ್ಕೆ ನಿಂತ ಭಾಗಾಕಾರ

ಮಾರ್ಚ್ 4

ಅನುವಾದಿತ ಕಾದಂಬರಿ, ಎರಡನೇ ಪ್ರೂಫ್ ತಿದ್ದುತ್ತಿದ್ದೆ. ನಾಯಕಿ ಫೋನ್ ನಂಬರ್ ಕೊಡುವ ಸಾಲಿನಲ್ಲಿ ಎಂದಿನಂತೆ ಏಳನೇ, ಎಂಟನೇ ಅಂಕಿಗಳು ಅದಲುಬದಲು. ಕಥೆಯಲ್ಲಿ ಬರುವ ಫೋನ್ ನಂಬರಿಗೆಲ್ಲ ಹೀಗೆ ಮಾಡುವುದು ನಮ್ಮ ಪ್ರಕಾಶನದ ಪದ್ಧತಿ. ಓದಿದವರು ಕರೆ ಮಾಡಿ ನಿಜವಾದ ಯಾರಿಗೂ ತೊಂದರೆಯಾಗಬಾರದಂತೆ. ಬದಲಾದ ನಂಬರಿನವನು ಏನು ಪಾಪ ಮಾಡಿದ? ಕೇಳಲಿಲ್ಲ.

ಮಾರ್ಚ್ 9

ಅಕ್ಕನ ಪುಸ್ತಕ ನಮ್ಮ ಪ್ರಕಾಶನದಿಂದಲೇ ಅಚ್ಚಾಗಿ ಬಂತು. ಸ್ವಂತದವರದೆಂದು ಪ್ರೂಫ್ ನನಗೆ ಕೊಟ್ಟಿರಲಿಲ್ಲ. ಜೀವಮಾನವಿಡೀ ಗಣಿತ ಕಲಿಸಿದವಳು ಮಕ್ಕಳಿಗಾಗಿ ಬರೆದ ಒಂದೇ ಪುಸ್ತಕ, ಅದೂ ಒಂದೇ ಸಂಖ್ಯೆಯ ಮೇಲೆ — 3816547290. ಹತ್ತೂ ಅಂಕಿಗಳು ಒಂದೊಂದೇ ಸಲ. ಮೊದಲ ಎರಡು ಅಂಕಿ, 38, ಎರಡರಿಂದ ಶೇಷವಿಲ್ಲದೆ ಭಾಗವಾಗುತ್ತದೆ. 381 ಮೂರರಿಂದ. 3816 ನಾಲ್ಕರಿಂದ. ಹೀಗೆ ಹತ್ತರವರೆಗೆ. ಇಂಥ ಸಂಖ್ಯೆ ಇನ್ನೊಂದಿಲ್ಲ.

ಮುಖಪುಟದಲ್ಲಿ: 3816542790.

ಪ್ರೂಫ್ ನೋಡಿದವರು ಫೋನ್ ನಂಬರ್ ಅಂದುಕೊಂಡು ಏಳನೇ, ಎಂಟನೇ ಅಂಕಿ ಬದಲಿಸಿದರಂತೆ! ಒಳಗೂ ಹಾಗೇ.

ಮಾರ್ಚ್ 10

ಮ್ಯಾನೇಜರ್: “ಎರಡು ಅಂಕಿ ಹಿಂದೆಮುಂದೆ, ಅಷ್ಟೇ ಅಲ್ವೇನ್ರೀ? ಯಾರು ಕೂತು ಭಾಗಿಸ್ತಾರೆ?”

“ಮಕ್ಕಳು, ಸರ್. ಪುಸ್ತಕ ಇರೋದೇ ಅದಕ್ಕೆ.”

“ಹಾಗಾದ್ರೆ ಬೇಕಂತಲೇ ಬಿಟ್ಟ ತಪ್ಪು ಅಂದ್ಬಿಡೋಣ. ಕಂಡುಹಿಡಿಯೋ ಆಟ! ಸೋಮವಾರ ಪ್ರತಿಗಳು ಶಾಲೆಗಳಿಗೆ ಹೋಗ್ಬೇಕು. ನಿಮ್ಮಕ್ಕ ಒಪ್ಕೊಂಡ್ರೆ ಸಾಕು.”

ಬಾಯಿಂದ ಬಂದದ್ದು “ಕೇಳ್ತೀನಿ” ಮಾತ್ರ.

ಅದೇ ದಿನ, ಸಂಜೆ

“ಕೇಳ್ತೀನಿ ಅಂದ್ಯಾ? ಬಾಯಿಗೆ ಬೀಗ ಹಾಕ್ಕೊಂಡಿದ್ಯೇನೋ?” ಅಕ್ಕ ಕೂಗಾಡಿದಳು. ಆಮೇಲೆ ಮೆಲ್ಲಗೆ, “ಲೆಕ್ಕ ಕೂಡಿ ಬರದಿದ್ರೆ ಮಗು ಪುಸ್ತಕಾನ ಅನುಮಾನಿಸಲ್ಲ ಕಣೋ. ತನ್ನನ್ನೇ ದಡ್ಡ ಅಂದ್ಕೊಳ್ಳುತ್ತೆ. ನನ್ನ ಹೆಸರು ಹಾಕ್ಕೊಂಡು ಮಕ್ಕಳಿಗೆ ಹೀಗ್ ಮಾಡ್ಲಾ?”

ಕಾದಂಬರಿಯಲ್ಲಿ ಅಲ್ಪವಿರಾಮ ತಪ್ಪಿದರೆ ಪತ್ರ ಬರೆಯುವವನು ನಾನು. ಇಲ್ಲಿ ಸುಮ್ಮನೆ ಕೂತಿದ್ದೆ.

ಮಾರ್ಚ್ 14, ಶನಿವಾರ

ಅಕ್ಕ ಆಫೀಸಿಗೇ ಬಂದಳು. ಮ್ಯಾನೇಜರ್ ಮುಂದೆ ಪುಸ್ತಕ ಇಟ್ಟಳು.

“ಆಟ ಅಂದ್ರಂತಲ್ಲ. ಆಡಿ, ನೋಡೋಣ.”

ಅವರು ಮೊಬೈಲ್ ತೆಗೆದರು.

“ಊಹುಂ. ಕೈಯಲ್ಲಿ.”

“ಮೇಡಂ, ನಾನು ಲೆಕ್ಕದಲ್ಲಿ ಮೊದಲಿಂದಲೂ ಅಷ್ಟಕ್ಕಷ್ಟೇ...” ನಗುತ್ತಲೇ ಪೆನ್ಸಿಲ್ ಹಿಡಿದರು. ಎರಡು, ಮೂರು, ನಾಲ್ಕು. ಐದು. ಆರರಿಂದಲೂ ಭಾಗವಾದಾಗ ಮುಖ ಅರಳಿತು. “ಅರೆ, ಇದೂ ಹೋಯ್ತಲ್ಲ!”

ಏಳರಲ್ಲಿ ಶೇಷ ಎರಡು ಉಳಿಯಿತು.

ಅಚ್ಚು ತಪ್ಪೆಂದು ಗೊತ್ತಿದ್ದ ಮನುಷ್ಯ. ಆದರೂ ಕಿವಿ ಕೆಂಪಾಯಿತು. “ನಂದೇ ಎಲ್ಲೋ ತಪ್ಪಿರ್ಬೇಕು,” ಎಂದು ಗೊಣಗಿ ರಬ್ಬರ್ ಹುಡುಕಿದರು. ಅಳಿಸಿದರು. ಮತ್ತೆ ಭಾಗಿಸಿದರು. ಮತ್ತೆ ಎರಡು.

ಅಕ್ಕ ನನ್ನತ್ತ ನೋಡಿದಳು.

“ತಪ್ಪು ನಿಮ್ದಲ್ಲ, ಸರ್,” ಎಂದೆ. ದನಿ ನನ್ನದೇ ಎನಿಸಲಿಲ್ಲ, ಅಷ್ಟು ಜೋರಾಗಿತ್ತು. “ಪ್ರತಿಗಳು ಶಾಲೆಗಳಿಗೆ ಹೋಗೋದನ್ನ ನಿಲ್ಲಿಸಿ. ಈಗ್ಲೇ. ನೀವು ಮಾಡದಿದ್ರೆ ಪ್ರೆಸ್ಸಿಗೆ ನಾನೇ ಫೋನ್ ಮಾಡಿ—” ಮಾತು ಮುಗಿಯುವ ಮೊದಲೇ ಅವರು ಪೆನ್ಸಿಲ್ ಕೆಳಗಿಟ್ಟು, ಪ್ರೆಸ್ಸಿಗೆ ಫೋನ್ ಮಾಡಲು ಮೊಬೈಲ್ ಕೈಗೆತ್ತಿಕೊಂಡರು.