ಬಾಗಿಲಿಗೆ ಅಂಟಿಸಿದ ಚೀಟಿ

ಮಾರ್ಚ್ ೧೨, ಬುಧವಾರ

‘ತಾಯಿ ಸಹಕರಿಸುವುದಿಲ್ಲ.’ ಈ ಸಾಲು ಬೆಳಗಿನಿಂದ ಚುಚ್ಚುತ್ತಿದೆ. ಬರೆದವಳು ನಾನೇ.

ಮಗು ತಾಯಿಯ ಬಳಿಯೇ ಇರಬೇಕೋ ಬೇಡವೋ ಎಂದು ನಾಳೆ ಮಕ್ಕಳ ಕಲ್ಯಾಣ ಸಮಿತಿ ತೀರ್ಮಾನಿಸುತ್ತದೆ. ಮನೆಮನೆಗೆ ಹೋಗಿ ಸಮಿತಿಗೆ ವರದಿ ಬರೆಯುವ ಹದಿನಾಲ್ಕು ವರ್ಷದ ನೌಕರಿಯಲ್ಲಿ ಮೊದಲ ಸಲ, ನನ್ನ ವರದಿಯನ್ನು ಆ ತಾಯಿಗೇ ಓದಿ ಹೇಳಿದೆ. ಆಸ್ಪತ್ರೆಯಲ್ಲಿ ನೆಲ ಒರೆಸುವ ಹೆಂಗಸು. ಕೈಕಟ್ಟಿಕೊಂಡು ಪೂರ್ತಿ ಕೇಳಿದಳು.

“ನೀವು ಅವತ್ತು ಮನೆಗೆ ಬಂದಾಗ ನಾನು ಡ್ಯೂಟಿಲಿದ್ದೆ ಮೇಡಂ. ಬಾಗಿಲಿಗೆ ಚೀಟಿ ಅಂಟಿಸಿದ್ನಲ್ಲ, ಓದ್ಲಿಲ್ವಾ?”

ಓದಿದ್ದೆ. ವರದಿಯಲ್ಲಿ ಬರೆದಿರಲಿಲ್ಲ.

ಕಚೇರಿಗೆ ಬಂದು ನನ್ನ ಹಳೆಯ ಕಡತಗಳನ್ನು ತೆಗೆದೆ. ನನ್ನ ಮೈಬಣ್ಣದವರು ಮನೆಯಲ್ಲಿ ಸಿಗದಿದ್ದರೆ ‘ಕೆಲಸದ ಒತ್ತಡ’. ಅವಳಂಥ ಕಪ್ಪು ಬಣ್ಣದವರು ಸಿಗದಿದ್ದರೆ ‘ಸಹಕರಿಸುವುದಿಲ್ಲ’. ಎಲ್ಲವೂ ನನ್ನದೇ ದುಂಡು ಅಕ್ಷರ. ಹೊಸಬರಿಗೆ ವರ್ಣಭೇದದ ಬಗ್ಗೆ ತರಬೇತಿ ಕೊಡುವ ಮಹಾತಾಯಿಯೂ ನಾನೇ.

“ಈಗ ವರದಿ ತಿದ್ದಿದ್ರೆ ತಪ್ಪು ನೀವೇ ಒಪ್ಕೊಂಡಂಗಾಗುತ್ತೆ” ಎಂದರು ಮೇಲಧಿಕಾರಿ.

“ಆಗ್ಲಿ ಸಾರ್. ಹಳೇ ಕಡತಗಳನ್ನೂ ತಿದ್ತೀನಿ” ಎಂದೆ. ಅವರು ಇನ್ನೂ ಹಳೆಯ ಕಡತಗಳಿರುವ ಕಪಾಟಿನ ಬೀಗದ ಕೈ ನನ್ನ ಮುಂದಿಟ್ಟರು.

ಸಂಜೆ ತಿದ್ದಿದ ವರದಿ ಹಿಡಿದು ಮತ್ತೆ ಅವಳ ಮನೆಗೆ ಹೋದೆ. ಸಾಲುಸಾಲಿಗೂ ಬೆರಳಿಟ್ಟು ಓದಿದಳು. ಆಮೇಲೆ ಡಬ್ಬಿಯಿಂದ ಆ ಚೀಟಿ ತೆಗೆದುಕೊಟ್ಟಳು. “ಇದನ್ನೂ ಪಿನ್ ಮಾಡ್ಕೊಳ್ಳಿ. ನಾಳೆ ನಾನೂ ಬರ್ತೀನಿ.”

ಚೀಟಿ ಈಗ ನನ್ನ ಮುಂದಿದೆ. ‘ನಾಲ್ಕಕ್ಕೆ ಬರುತ್ತೇನೆ, ದಯವಿಟ್ಟು ಕಾಯಿರಿ. ನಿಮಗೆ ಕುರ್ಚಿ ಕೊಡಲು ಪಕ್ಕದ ಮನೆಯವರಿಗೆ ಹೇಳಿದ್ದೇನೆ.’

ಸಮಿತಿ ಸೇರಿದಾಗ ತಾಯಂದಿರು ಹೊರಗೆ ನಿಲ್ಲುವುದೇ ನಮ್ಮಲ್ಲಿ ರೂಢಿ. ನಾಳೆ ಬೇಗ ಹೋಗಬೇಕು. ಮೇಜಿನ ಬಳಿ, ನನ್ನ ಪಕ್ಕದಲ್ಲೇ, ಅವಳಿಗೆ ಇನ್ನೊಂದು ಕುರ್ಚಿ ಹಾಕಬೇಕು.