ಮೊದಲು ಯಾರಿದ್ದರು, ಯಾಕೆ ಹೋದರು

ಅಕ್ಕನ ಮನೆಯ ಬಾಲ್ಕನಿಯಿಂದ,
೧೪ನೇ ತಾರೀಖು, ಭಾನುವಾರ ಮಧ್ಯಾಹ್ನ

ಪ್ರೀತಿಯ ಅತ್ತೆಯವರಿಗೆ ನಿಮ್ಮ ಅಳಿಯ ಮಾಡುವ ನಮಸ್ಕಾರಗಳು.

ಹೇಗಿದ್ದೀರಿ? ಎಡಗಣ್ಣಿನ ಆಪರೇಷನ್ ಆಯಿತೆಂದು ನಿಮ್ಮ ಹಿರಿಯ ಮಗ ಹೇಳಿದರು. ಈಗ ಉರಿ ಕಡಿಮೆಯಾಗಿದೆಯೇ? ಡ್ರಾಪ್ಸ್ ಹಾಕುವಾಗ ಕಣ್ಣು ಬಿಗಿಯಾಗಿ ಮುಚ್ಚಿಕೊಳ್ಳುತ್ತೀರಂತೆ, ಅರ್ಧ ಔಷಧಿ ಕೆನ್ನೆಗೇ ಹೋಗುತ್ತದಂತೆ. ಕಪ್ಪು ಕನ್ನಡಕ ಹಾಕಿಕೊಂಡ ಅಜ್ಜಿಯ ಚಿತ್ರವೊಂದನ್ನು ನಿಮ್ಮ ಮೊಮ್ಮಗಳು ಬರೆದಿದ್ದಾಳೆ. ಪೊಲೀಸ್ ಇನ್‌ಸ್ಪೆಕ್ಟರ್ ಥರ ಬಂದಿದೆ, ಮೀಸೆಯೊಂದು ಇಲ್ಲ ಅಷ್ಟೇ. ಇದರ ಜೊತೆಗೇ ಇಟ್ಟಿದ್ದೇನೆ. ನಿಮಗೆ ಓದಲು ಕಷ್ಟವಾಗಬಾರದೆಂದು ದಪ್ಪ ದಪ್ಪ ಅಕ್ಷರದಲ್ಲಿ ಬರೆಯುತ್ತಿದ್ದೇನೆ, ಅಂಗಡಿ ಬೋರ್ಡು ಬರೆದ ಹಾಗೆ. ಫೋನ್ ಮಾಡಬಹುದಿತ್ತು. ಆದರೆ ನಾನು ಫೋನ್ ಮಾಡಿದರೆ ನೀವು ಎತ್ತುವುದಿಲ್ಲ. ಎತ್ತಿದರೂ ‘ಚೆನ್ನಾಗಿದೀರಲ್ಲ, ಸರಿ ಹಾಗಾದ್ರೆ’ ಎಂದು ಇಟ್ಟುಬಿಡುತ್ತೀರಿ. ಪತ್ರವನ್ನಾದರೆ ನಡುವೆ ಇಡಲಾಗುವುದಿಲ್ಲ. ಇಟ್ಟರೂ ಮತ್ತೆ ಎತ್ತಿಕೊಳ್ಳುತ್ತೀರಿ, ನಿಮ್ಮ ಕುತೂಹಲ ನನಗೆ ಗೊತ್ತಿಲ್ಲವೇ. ಬಸ್ಸಿನಲ್ಲಿ ಪಕ್ಕ ಕೂತವರ ಸಂಬಳ, ಸೊಂಟನೋವು, ಸೊಸೆಯ ಸ್ವಭಾವ ಎಲ್ಲವನ್ನೂ ಇಳಿಯುವ ಹೊತ್ತಿಗೆ ತಿಳಿದುಕೊಂಡಿರುತ್ತಿದ್ದವರು ನೀವು.

ಆ ಕುತೂಹಲ ಈಗ ಯಾರಿಗೆ ಬಂದಿದೆ ಎಂದು ಹೇಳಬೇಕಿಲ್ಲ. ಹುಟ್ಟಿದಾಗ ಸಣ್ಣ ದನಿಯಲ್ಲಿ ಎಳೆದೆಳೆದು ಅಳುತ್ತಾಳೆಂದು ನೀವೇ ‘ಪಿಟೀಲು’ ಎಂದು ಹೆಸರಿಟ್ಟಿರಿ. ಶಾಲೆಯ ಹೆಸರು ಶಾಲೆಯಲ್ಲೇ ಉಳಿದು ಮನೆಯಲ್ಲಿ ಇವತ್ತಿಗೂ ಅವಳು ಪಿಟೀಲೇ. ಎಂಟು ತುಂಬಿತು. ಮುಂದಿನ ಎರಡು ಹಲ್ಲು ಬಂದಿವೆ. ಹಲ್ಲಿನ ಲ್ಯಾಬಿನಲ್ಲಿ ಕೆಲಸ ಮಾಡುವ ಅಪ್ಪನಾಗಿ ನಾನು ಹೇಳುವುದಾದರೆ ಸ್ವಲ್ಪ ದೊಡ್ಡವೇ ಆದವು, ಮುಖ ಬೆಳೆದು ಅವನ್ನು ಹಿಡಿಯಬೇಕು.

ನಿಮ್ಮ ಮಗಳು ಹೇಳದೆ ಕೇಳದೆ ನಮ್ಮನ್ನು ಬಿಟ್ಟು ಹೋಗಿ ಎರಡು ವರ್ಷದ ಮೇಲಾಯಿತು. ಆ ವಿಷಯವನ್ನು ಇಲ್ಲಿ ಕೆದಕುವುದಿಲ್ಲ, ಹೆದರಬೇಡಿ. ಕೆಲಸವನ್ನೂ ಮಗುವನ್ನೂ ಒಬ್ಬನೇ ತೂಗಿಸಲಾಗದೆ ಬಾಡಿಗೆ ಮನೆ ಬಿಟ್ಟು ಅಕ್ಕನ ಮನೆಗೆ ಬಂದದ್ದು ನಿಮಗೆ ಗೊತ್ತೇ ಇದೆ. ಅಕ್ಕ ಅಕ್ಕರೆಯಿಂದಲೇ ನೋಡಿಕೊಂಡಳು. ತಿಂಗಳ ಖರ್ಚಿಗೆ ಏನಾದರೂ ಕೊಡಲು ಹೋದರೆ ‘ಬ್ಯಾಂಕಿಗೆ ಹಾಕು, ನನ್ನ ಕೈಗೆ ಬೇಡ’ ಎನ್ನುತ್ತಿದ್ದಳು, ಹಾಗೆಯೇ ಹಾಕುತ್ತ ಬಂದೆ. ಭಾವನವರು ಲಿಫ್ಟ್ ರಿಪೇರಿ ಮಾಡುವವರು, ದಿನವೆಲ್ಲ ಆ ಗದ್ದಲದಲ್ಲಿ ನಿಂತು ಬಂದು ಸಂಜೆ ವಾರ್ತೆ ನೋಡುವುದೊಂದೇ ಅವರ ಸುಖ. ನಾನೂ ಪಿಟೀಲೂ ಮಲಗುವುದು ಹಾಲಿನಲ್ಲಿ, ಟೀವಿಯ ಎದುರಿಗೇ. ಮಗು ಏಳಬಾರದೆಂದು ಅವರು ಸದ್ದು ಪೂರ್ತಿ ಆರಿಸಿ ವಾರ್ತೆ ನೋಡುತ್ತಾರೆ. ಓದುವವಳ ತುಟಿ ನೋಡಿಯೇ ಅರ್ಥ ಮಾಡಿಕೊಳ್ಳುತ್ತೇನೆಂದು ಜಂಬ ಬೇರೆ. ಮಾರನೆಯ ದಿನ ಅವರು ಹೇಳುವ ವಾರ್ತೆಗೂ ಪತ್ರಿಕೆಯಲ್ಲಿರುವ ವಾರ್ತೆಗೂ ಅಜಗಜಾಂತರ ಇರುತ್ತದೆ, ನಾವ್ಯಾರೂ ತಿದ್ದುವುದಿಲ್ಲ.

ಇಷ್ಟು ಒಳ್ಳೆಯವರ ಮನೆಯನ್ನು ಬಿಡುವ ಯೋಚನೆ ಯಾಕೆ ಬಂತು ಎನ್ನುತ್ತೀರಾ? ಒಂದು ಸಂಜೆ ಪಿಟೀಲು ಫ್ರಿಜ್ಜಿನ ಮುಂದೆ ನಿಂತು ‘ಅತ್ತೆ, ಫ್ರಿಜ್ ತೆಗೀಲಾ?’ ಎಂದು ನನ್ನ ಅಕ್ಕನನ್ನು ಕೇಳಿದಳು. ಅಕ್ಕ ‘ಇದೇನೇ ಹೊಸದಾಗಿ, ತೆಗಿಯೇ’ ಎಂದು ನಕ್ಕಳು. ನನಗೆ ನಗು ಬರಲಿಲ್ಲ. ಆಮೇಲೆ ಗಮನಿಸಿದೆ, ಫ್ಯಾನ್ ಹಾಕಲು ಕೇಳುತ್ತಿದ್ದಳು, ಬಚ್ಚಲಿಗೆ ಹೋಗಲು ಕೇಳುತ್ತಿದ್ದಳು. ಯಾರೂ ಅವಳಿಗೆ ಹಾಗೆ ಕಲಿಸಿರಲಿಲ್ಲ. ಅವಳೇ ಕಲಿತಿದ್ದಳು. ಮಾರನೆಯ ದಿನವೇ ಮನೆ ತೋರಿಸುವ ಏಜೆಂಟನ ಹತ್ತಿರ ಹೋದೆ.

ಅವನಿಗೆ ಪಿಟೀಲು ‘ಕೀಲಿಗೊಂಚಲು’ ಎಂದು ಹೆಸರಿಟ್ಟಿದ್ದಾಳೆ. ಸೊಂಟಕ್ಕೆ ಅಷ್ಟು ಕೀಲಿ ಸಿಕ್ಕಿಸಿಕೊಂಡಿರುತ್ತಾನೆ, ಅವನು ಮೆಟ್ಟಿಲು ಹತ್ತುವಾಗ ಕೊರಳಿಗೆ ಗಂಟೆ ಕಟ್ಟಿದ ಎಮ್ಮೆ ಬಂದ ಹಾಗೆ ಸದ್ದು. ಸರಿಯಾದ ಕೀಲಿ ಒಂದೇ ಸಲಕ್ಕೆ ಸಿಕ್ಕಿದ್ದು ನಾನಂತೂ ಕಾಣೆ. ಅತ್ತೆ, ಬೇರೆಯವರು ಬಿಟ್ಟುಹೋದ ಮನೆಗಳನ್ನು ನೋಡುವುದು ಎಷ್ಟು ಮಜವಾದ ಕೆಲಸ ಎಂದು ನನಗೆ ಗೊತ್ತೇ ಇರಲಿಲ್ಲ. ಖಾಲಿ ಮನೆ ಖಾಲಿ ಇರುವುದಿಲ್ಲ. ಒಂದು ಮನೆಯಲ್ಲಿ ಅಡುಗೆಮನೆಯ ಕಿಟಕಿ ಮೆಟ್ಟಿಲ ಕಡೆಗೆ ತೆರೆಯುತ್ತಿತ್ತು, ಹತ್ತುವವರೆಲ್ಲ ನಿಮ್ಮ ಪಾತ್ರೆಯೊಳಗೆ ಇಣುಕಿಯೇ ಹತ್ತಬೇಕು. ಇನ್ನೊಂದರಲ್ಲಿ ಮಲಗುವ ಕೋಣೆಗೆ ಹೊರಗಿನಿಂದ ಚಿಲಕ. ಯಾರನ್ನು ಒಳಗಿಟ್ಟು ಹಾಕುತ್ತಿದ್ದರೋ ಏನೋ, ನಾಯಿ ಇದ್ದಿರಬೇಕು ಎಂದು ಪಿಟೀಲಿಗೆ ಹೇಳಿದೆ, ನನಗೂ ಹೇಳಿಕೊಂಡೆ. ಮತ್ತೊಂದು ಮನೆಯ ಗೋಡೆ ತುಂಬ ಮೊಳೆ, ಒಂದರಲ್ಲೂ ಏನೂ ತೂಗುಬಿದ್ದಿರಲಿಲ್ಲ. ಅಷ್ಟೊಂದು ಫೋಟೋ ಯಾರದ್ದಿರಬಹುದು ಎಂದು ಮನೆಗೆ ಬರುವವರೆಗೂ ಇಬ್ಬರೂ ಊಹಿಸಿದೆವು.

ಪಿಟೀಲಿಗೆ ಪ್ರತಿ ಮನೆಯಲ್ಲೂ ಎರಡು ಪ್ರಶ್ನೆ. ‘ಮೊದಲು ಯಾರಿದ್ರು?’ ‘ಯಾಕೆ ಹೋದ್ರು?’ ಮೊದಲನೆಯದಕ್ಕೆ ಎಲ್ಲರೂ ಉತ್ತರ ಹೇಳುತ್ತಿದ್ದರು. ಎರಡನೆಯದಕ್ಕೆ ‘ಟ್ರಾನ್ಸ್‌ಫರ್ ಆಯ್ತು’ ಎಂದೋ ‘ಸ್ವಂತ ಮನೆ ಮಾಡ್ಕೊಂಡ್ರು’ ಎಂದೋ ಏನೋ ಒಂದು ಹೇಳಿ ಮುಗಿಸುತ್ತಿದ್ದರು. ಅವಳಿಗೆ ಸಮಾಧಾನವಾಗುತ್ತಿರಲಿಲ್ಲ. ‘ನಿಜವಾಗ್ಲೂ?’ ಎಂದು ಮತ್ತೆ ಕೇಳುತ್ತಿದ್ದಳು. ಕೀಲಿಗೊಂಚಲು ನನ್ನ ಕಿವಿಯಲ್ಲಿ ‘ಸಾರ್, ಮುಂದಿನ ಸಲ ಮಗೂನ ಬಿಟ್ಟು ಬನ್ನಿ’ ಎಂದ. ಅಜ್ಜಿಯ ರಕ್ತ, ಎಲ್ಲವನ್ನೂ ತಿಳಿಯುವ ಚಪಲ ಎಂದೇ ನಾನು ಅಂದುಕೊಂಡಿದ್ದೆ.

ಜನರಿಗೆ ನಮ್ಮ ಬಗ್ಗೆಯೂ ಒಂದು ಪ್ರಶ್ನೆ ಇರುತ್ತಿತ್ತು. ‘ಮನೇಲಿ ಹೆಂಗಸರು?’ ಮೊದಲ ಮನೆಯಲ್ಲಿ ನನ್ನ ಬಾಯಿಂದ ‘ಊರಿಗೆ ಹೋಗಿದಾರೆ’ ಎಂದು ಬಂದುಬಿಟ್ಟಿತು. ಹೊರಗೆ ಬಂದ ಮೇಲೆ ಪಿಟೀಲು ನನ್ನ ಕೈ ಹಿಡಿದುಕೊಂಡು ‘ಯಾವ ಊರಿಗೆ ಅಪ್ಪಾ?’ ಎಂದಳು. ಅವಳ ಕಣ್ಣಲ್ಲಿ ಆಸೆಯಿತ್ತು ಅತ್ತೆ, ನಾನು ಗೊತ್ತಿದ್ದೂ ಬಚ್ಚಿಟ್ಟಿರಬಹುದೇನೋ ಎಂಬ ಆಸೆ. ‘ನನಗೂ ಗೊತ್ತಿಲ್ಲ ಮಗಳೇ, ಸುಮ್ಮನೆ ಹೇಳಿದೆ’ ಎಂದೆ. ಅಲ್ಲಿಂದ ಮುಂದೆ ಎಲ್ಲೇ ಹೋದರೂ ‘ನಾನು, ನನ್ನ ಮಗಳು’ ಎಂದಷ್ಟೇ ಹೇಳಿದೆ. ಹಾಗೆ ಹೇಳಿದಲ್ಲೆಲ್ಲ ಮನೆ ಇದ್ದಕ್ಕಿದ್ದಂತೆ ಬೇರೆ ಯಾರಿಗೋ ನಿಗದಿಯಾಗಿಬಿಡುತ್ತಿತ್ತು.

ಒಬ್ಬರ ಕಥೆ ಹೇಳಲೇಬೇಕು, ನೀವು ನಗಬೇಕು. ದೊಡ್ಡ ಗೇಟಿನ ಮನೆ, ಮಾಲೀಕರು ವಯಸ್ಸಾದವರು, ಮಾತು ಸಕ್ಕರೆ. ಪಿಟೀಲಿಗೆ ಬಿಸ್ಕೆಟ್ ಕೊಟ್ಟರು, ‘ನಿಮ್ಮಂಥವರಿಗೆ ಕೊಡೋಕೆ ನಂದೇನೂ ಅಭ್ಯಂತರ ಇಲ್ಲ, ಆದ್ರೆ ಅಕ್ಕಪಕ್ಕದೋರು...’ ಎಂದು ರಾಗ ಎಳೆದು ನಕ್ಕರು. ಆ ನಗು ನೋಡಿ ನಾನು ಕೂತಲ್ಲೇ ಮುಂದಕ್ಕೆ ಬಾಗಿದೆ. ಎಡಗಡೆಯ ಕೋರೆಹಲ್ಲು ಒಂದಿಷ್ಟು ಹೊರಳಿತ್ತು. ಸಹಜವಾಗಿ ಕಾಣಲಿ, ಹಳೆಯ ಹಲ್ಲಿನ ಹಾಗೆಯೇ ಸೊಟ್ಟಗೆ ಕೂರಿಸಿ ಎಂದು ಡಾಕ್ಟರ ಮೂಲಕ ಹೇಳಿಕಳಿಸಿದ್ದ ಕಟ್ಟುಹಲ್ಲಿನ ಸೆಟ್ ಅದು. ಮೇಣದಲ್ಲಿ ಆ ಒಂದು ಹಲ್ಲನ್ನು ಎಷ್ಟು ಸಲ ಕಿತ್ತು ಮತ್ತೆ ಕೂರಿಸಿದ್ದೆನೋ! ನಾನೇ ಮಾಡಿದ ಹಲ್ಲು ತೋರಿಸಿಕೊಂಡು ನನಗೇ ಮನೆ ಇಲ್ಲ ಎನ್ನುತ್ತಿದ್ದರು. ಸಿಟ್ಟು ಬರಬೇಕಿತ್ತು. ಆದರೆ ಮೊದಲು ಬಂದದ್ದು ಕಸುಬಿನ ಕುತೂಹಲ, ಕಚ್ಚಲು ಸರಿಯಾಗಿದೆಯೋ, ಒಸಡಿಗೆ ಒತ್ತುತ್ತದೋ ಎಂದು. ಕೇಳಿಯೇಬಿಟ್ಟೆ. ಅವರ ಮುಖ ನೋಡಬೇಕಿತ್ತು ನೀವು. ಬಾಯಿಗೆ ಕೈ ಅಡ್ಡ ಇಟ್ಟುಕೊಂಡು ಗೇಟಿನವರೆಗೂ ಬಂದು ಕಳಿಸಿಕೊಟ್ಟರು. ದಾರಿಯುದ್ದಕ್ಕೂ ಪಿಟೀಲು ಅದನ್ನು ನಟಿಸಿ ತೋರಿಸಿದಳು. ನಕ್ಕೂ ನಕ್ಕೂ ನನ್ನ ಹೊಟ್ಟೆ ಹುಣ್ಣಾಯಿತು. ಮನೆಗೆ ಬಂದು ಚಪ್ಪಲಿ ಬಿಟ್ಟವನು ಮಾತ್ರ ಅಲ್ಲೇ ಬಾಗಿಲಲ್ಲಿ ಕೂತುಬಿಟ್ಟೆ.

ಇನ್ನು ಈ ವರ್ಷದ ಮಟ್ಟಿಗೆ ಸಾಕು ಎಂದುಕೊಂಡಿದ್ದೆ. ಹೋದ ಭಾನುವಾರ ಕೀಲಿಗೊಂಚಲು ಫೋನ್ ಮಾಡಿ ‘ಒಂದು ಸಣ್ಣದಿದೆ ಸಾರ್, ಮಾಲೀಕಿ ಸ್ವಲ್ಪ ಜೋರು’ ಎಂದ. ಆಕೆ ರಿಟೈರಾದ ಬಸ್ ಕಂಡಕ್ಟರ್. ಕೆಳಗೆ ಅವರೊಬ್ಬರೇ, ಮೇಲಿನ ಎರಡು ಕೋಣೆ ಬಾಡಿಗೆಗೆ. ಹೊಸಲಿನಲ್ಲಿ ಹಿಂದೆಮುಂದೆ ನೋಡುತ್ತ ನಿಂತಿದ್ದ ನಮಗೆ ‘ಬಾಗಿಲಲ್ಲಿ ನಿಲ್ಲಬೇಡಿ, ಒಳಗೆ ಬನ್ನಿ, ಮುಂದೆ ಹೋಗಿ, ಜಾಗ ಇದೆ’ ಎಂದು ಗದರಿದರು. ಮೇಲೆ ಹೋದರೆ ನಿಜಕ್ಕೂ ಜಾಗವಿತ್ತು. ಅಡುಗೆಮನೆ ಕೈ ಚಾಚಿದರೆ ಮುಗಿಯುತ್ತದೆ, ಬಚ್ಚಲಿನ ನಲ್ಲಿ ತೊಟ್ಟಿಕ್ಕುತ್ತದೆ, ಆದರೆ ಒಂದು ಕೋಣೆಗೆ ಬೆಳಗಿನ ಬಿಸಿಲು ನೇರ ಬೀಳುತ್ತದೆ. ಒಂದು ಗೋಡೆಯ ಮೇಲೆ ಬೀರುವಿನ ಅಗಲಕ್ಕೆ ಬಣ್ಣ ಮಾಸದೆ ಹೊಸದಾಗಿಯೇ ಉಳಿದಿತ್ತು.

ಪಿಟೀಲು ಅದರ ಮುಂದೆ ನಿಂತು ಎಂದಿನ ಹಾಗೆ ಮೊದಲು ಯಾರಿದ್ದರು ಎಂದು ಕೇಳಿದಳು. ಗಂಡ ಹೆಂಡತಿ ಇದ್ದರಂತೆ, ನಾಲ್ಕು ವರ್ಷ. ‘ಯಾಕೆ ಹೋದ್ರು?’ ಕಂಡಕ್ಟರಮ್ಮ ಅವಳನ್ನು ನೋಡಿದರು, ನನ್ನನ್ನು ನೋಡಿದರು, ಮಂಡಿ ಹಿಡಿದುಕೊಂಡು ಕಿಟಕಿಯ ಕಟ್ಟೆಯ ಮೇಲೆ ಕೂತರು. ‘ಗೊತ್ತಿಲ್ಲ ಕಣೇ. ನಾನೂ ತುಂಬಾ ದಿನ ತಲೆ ಕೆಡಿಸ್ಕೊಂಡೆ, ನೀರು ಸರಿಯಾಗಿ ಬರ್ತಿರ್ಲಿಲ್ವಾ, ನನ್ನ ಬಾಯಿ ಜಾಸ್ತಿ ಆಯ್ತಾ ಅಂತ. ಎಲ್ಲರೂ ಹೇಳಿ ಹೋಗಲ್ಲ. ಆದ್ರೆ ಮನೇದೇನೂ ತಪ್ಪಿರಲಿಲ್ಲ. ಅಷ್ಟು ನಂಗೆ ಗೊತ್ತು’ ಎಂದರು. ‘ನಿಜವಾಗ್ಲೂ?’ ಎಂದಳು ಪಿಟೀಲು. ‘ನಿಜವಾಗ್ಲೂ.’

ಅಷ್ಟು ದಿನ ಊರೆಲ್ಲ ತಿರುಗಿ ಅವಳು ಏನು ಕೇಳುತ್ತಿದ್ದಳೆಂದು ನನಗೆ ಆಗ ಹೊಳೆಯಿತು. ಎರಡು ವರ್ಷ ಪಕ್ಕದಲ್ಲೇ ಮಲಗಿದ್ದ ಅಪ್ಪನನ್ನು ಬಿಟ್ಟು ಕಂಡ ಕಂಡ ಮನೆ ಮಾಲೀಕರನ್ನು ಕೇಳಿದ್ದಳು. ಆಮೇಲೆ ಅವಳು ಮತ್ತೇನೂ ಕೇಳಲಿಲ್ಲ. ಹೋಗಿ ಯಾರ ಅಪ್ಪಣೆಯೂ ಇಲ್ಲದೆ ಬಚ್ಚಲ ನಲ್ಲಿ ತಿರುಗಿಸಿ ನೋಡಿದಳು, ಕಿಟಕಿ ತೆಗೆದಳು, ಹಾಕಿದಳು, ಮತ್ತೆ ತೆಗೆದಳು. ನಾನು ಕಂಡಕ್ಟರಮ್ಮನ ಹತ್ತಿರ ನಮ್ಮ ವಿಷಯವೆಲ್ಲ ಮುಚ್ಚುಮರೆ ಇಲ್ಲದೆ ಹೇಳಿದೆ. ‘ಬಸ್ಸಲ್ಲಿ ಯಾರು ಯಾರ ಜೊತೆ ಬಂದ್ರು ಅಂತ ನಾನ್ಯಾವತ್ತೂ ಕೇಳಿಲ್ಲ’ ಎಂದು ಕೀಲಿ ನನ್ನ ಕೈಗೆ ಹಾಕಿದರು.

ಅಡ್ವಾನ್ಸ್ ಕೊಟ್ಟಾಗಿದೆ. ಒಂದನೇ ತಾರೀಖಿಗೆ ಹೋಗುತ್ತೇವೆ. ಸುದ್ದಿ ಕೇಳಿ ಅಕ್ಕ ಮುಖ ಊದಿಸಿಕೊಂಡು ಎರಡು ದಿನ ಮಾತಾಡಲಿಲ್ಲ, ಆಮೇಲೆ ತಾನೇ ಕುಕ್ಕರು, ಬಾಣಲೆ, ಎರಡು ಹೊದಿಕೆ ಗಂಟು ಕಟ್ಟಿಟ್ಟಳು. ಭಾವನವರಿಗೆ ‘ಇನ್ನು ಸದ್ದು ಹಾಕ್ಕೊಂಡು ವಾರ್ತೆ ನೋಡಿ’ ಎಂದೆ. ಹಾಕಿ ನೋಡಿದರು. ಎರಡೇ ನಿಮಿಷ. ‘ಥೂ, ಎಷ್ಟು ಕಿರುಚ್ತಾರೆ ಇವರು’ ಎಂದು ಮತ್ತೆ ಆರಿಸಿದರು.

ಕಣ್ಣಿಗೆ ಧೂಳು ಬೀಳದ ಹಾಗೆ ನೋಡಿಕೊಳ್ಳಿ. ಬಗ್ಗಿ ಭಾರ ಎತ್ತಬೇಡಿ. ನಿಮ್ಮ ಮಗನಿಗೂ ಸೊಸೆಗೂ ನನ್ನ ನೆನಪು ಹೇಳಿ. ಪಿಟೀಲು ನಿಮ್ಮ ಕಾಲಿಗೆ ಬಿದ್ದಿದ್ದಾಳೆ, ಅಂದರೆ ಕಾಗದಕ್ಕೆ ಹಣೆ ಒತ್ತಿದ್ದಾಳೆ. ಮೇಲುಗಡೆ ಕಾಣುವ ಎಣ್ಣೆಯ ಕಲೆ ಅದೇ. ನಿಮ್ಮ ಆಶೀರ್ವಾದ ಇಬ್ಬರ ಮೇಲೂ ಇರಲಿ.

ಇಂತಿ,
ಇವತ್ತಿಗೂ ನಿಮ್ಮ ಅಳಿಯನೇ ಆಗಿರುವ,
ನಾನು

ತಾ.ಕ.: ಅಂಟು ಹಚ್ಚುವ ಮುಂಚೆ ಇದೊಂದನ್ನು ಬರೆದುಬಿಡುತ್ತೇನೆ, ಇಲ್ಲದಿದ್ದರೆ ಧೈರ್ಯ ಹೋಗುತ್ತದೆ. ಕೀಲಿ ಕೊಟ್ಟ ಮೇಲೆ, ನೀರಿನ ಲೆಕ್ಕಕ್ಕೆಂದು ಕಂಡಕ್ಟರಮ್ಮ ‘ಎಷ್ಟು ಜನ?’ ಎಂದರು. ನಾನು ಬಾಯಿ ತೆಗೆಯುವ ಮೊದಲೇ ಪಿಟೀಲು ‘ಮೂರು’ ಎಂದಳು. ಮೂರನೆಯವರೆಂದು ಯಾರನ್ನು ಹೇಳುತ್ತಾಳೋ ಎಂದು ಅವಳ ಬಾಯನ್ನೇ ನೋಡಿದೆ. ‘ನಮ್ಮಜ್ಜಿ ಬರ್ತಾರೆ’ ಎಂದಳು. ನಾನು ಇಲ್ಲ ಎನ್ನಲಿಲ್ಲ. ಮಗಳು ಹೋದಳೆಂಬ ಸಂಕೋಚಕ್ಕೆ ನೀವೂ ನಮ್ಮ ಕಡೆ ಬರುವುದನ್ನು ಬಿಟ್ಟಿರಿ. ಅವಳು ಹೋದದ್ದು ಅವಳ ವಿಷಯ. ನೀವು ಯಾಕೆ ಹೋದಿರಿ ಅತ್ತೆ? ಇದಕ್ಕೆ ಉತ್ತರವನ್ನು ಪತ್ರದಲ್ಲಿ ಬರೆಯಬೇಡಿ. ಬಿಸಿಲು ಬೀಳುವ ಕೋಣೆ ನಿಮ್ಮದು. ಯಾವ ಬಸ್ಸಿಗೆ ಬರುತ್ತೀರಿ ಎಂಬುದನ್ನಷ್ಟೇ ತಿಳಿಸಿ, ಸ್ಟ್ಯಾಂಡಿಗೆ ಇಬ್ಬರೂ ಬಂದಿರುತ್ತೇವೆ.